ಯಾರೂ ಕಾಲಿಡದ ಕೋಣೆಯ ಲೆಕ್ಕ ಇಡುವುದು ಹೇಗೆ?

ಯಾದಗಿರಿ ಜಿಲ್ಲೆಯಲ್ಲಿ ಯುರೇನಿಯಂ ಅಂದ ಕೂಡಲೇ ಜನ ಗೋಗಿ ಹೆಸರು ಹೇಳುತ್ತಾರೆ. ಶಹಾಪುರ ಕಡೆಯ ಆ ಊರಿನ ನೆಲದಡಿ ಯುರೇನಿಯಂ ಅದಿರು ಇದೆ ಅನ್ನುವುದು ಎಷ್ಟೋ ವರ್ಷಗಳಿಂದ ಗೊತ್ತಿರುವ ವಿಷಯ. ಗಣಿ ಬೇಕಾ ಬೇಡವಾ, ಬೋರ್‌ವೆಲ್ ನೀರಿನ ಗತಿ ಏನು ಅನ್ನುವ ಜಗಳವೂ ಹಳೆಯದೇ. ಆದರೆ ಅದಿರು ಈ ಕತೆಯ ಶುರು ಅಷ್ಟೇ. ನಾನು ಇಲ್ಲಿ ಹೇಳಹೊರಟಿರುವುದು ಇನ್ನೊಂದು ತುದಿಯ ಮಾತು. ರಿಯಾಕ್ಟರಿನಲ್ಲಿ ಬಳಕೆಯಾಗಿ ಹೊರಬಂದ ಇಂಧನವನ್ನು ಕರಗಿಸಿ, ಅದರಲ್ಲಿ ಉಳಿದ ಯುರೇನಿಯಂ, ಪ್ಲುಟೋನಿಯಂ ಬೇರೆ ಮಾಡುತ್ತಾರಲ್ಲ, ಮರುಸಂಸ್ಕರಣೆ ಅನ್ನುವ ಆ ಕೆಲಸದ ಮೇಲೆ ಕಣ್ಣಿಡುವುದು ಹೇಗೆ?

ಕಲಬುರಗಿಯ ಡಿಗ್ರಿ ಕ್ಲಾಸಿನಲ್ಲಿ ಕೆಮಿಸ್ಟ್ರಿ ಹೇಳುವಾಗ ಈ ವಿಷಯ ಬಂದರೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಸರ್, ಒಳಗ ಯಾರೂ ಹೋಗಂಗಿಲ್ಲ ಅಂದ್ರ, ಏನ್ ನಡದದ ಅಂತ ಹ್ಯಾಂಗ ಗೊತ್ತಾಗ್ತದ ರೀ?" ಇದು ಸರಿಯಾದ ಪ್ರಶ್ನೆ. ಮರುಸಂಸ್ಕರಣೆಯ ಕಷ್ಟವೆಲ್ಲ ಇದರಲ್ಲೇ ಇದೆ.

ಕೈಗಾದಂಥ 220 ಮೆಗಾವ್ಯಾಟಿನ ರಿಯಾಕ್ಟರಿಗೆ ಹಾಕುವ ಇಂಧನದ ಕಟ್ಟು ಸುಮಾರು ಅರ್ಧ ಮೀಟರ್ ಉದ್ದ. ಅದರಲ್ಲಿ 19 ಕಡ್ಡಿಗಳು, ಸುಮಾರು 15 ಕೆಜಿ ಯುರೇನಿಯಂ ಆಕ್ಸೈಡ್. ಹೊಸ ಕಟ್ಟನ್ನು ಗ್ಲೌಸ್ ಹಾಕಿಕೊಂಡು ಕೈಯಲ್ಲೇ ಎತ್ತಬಹುದು. ಅದೇ ಕಟ್ಟು ರಿಯಾಕ್ಟರಿನಿಂದ ಹೊರಬಂದ ಮೇಲೆ ಅಡ್ಡ ಗೋಡೆಯೋ ನೀರೋ ಇಲ್ಲದೆ ಹತ್ತಿರ ನಿಂತರೆ ಜೀವಕ್ಕೇ ಅಪಾಯ. ತಮಾಷೆ ಅಂದರೆ ಒಳಗಿನ ವಸ್ತು ಅಷ್ಟೇನೂ ಬದಲಾಗಿರುವುದಿಲ್ಲ. ನೂರು ಕೆಜಿಗೆ ಸುಮಾರು 99 ಕೆಜಿ ಇನ್ನೂ ಯುರೇನಿಯಮ್ಮೇ. ಪ್ಲುಟೋನಿಯಂ ಅರ್ಧ ಕೆಜಿಗಿಂತ ಕಡಿಮೆ. ಉಳಿದ ಒಂದಿಷ್ಟು ಸೀಸಿಯಂ, ಸ್ಟ್ರಾನ್ಷಿಯಂ, ರುಥೇನಿಯಂ ಥರದ ವಿದಳನದ ಚೂರುಗಳು. ಹತ್ತಿರ ಸುಳಿಯದಂತೆ ಮಾಡುವುದು ಮುಖ್ಯವಾಗಿ ಈ ಚೂರುಗಳೇ.

ಅವನ್ನು ಬೇರೆ ಮಾಡುವ ವಿಧಾನದ ಹೆಸರು ಪ್ಯೂರೆಕ್ಸ್. ನಮ್ಮ ದೇಶದಲ್ಲಿ 1964ರಿಂದ, ಟ್ರಾಂಬೆಯ ಮೊದಲ ಸ್ಥಾವರದಿಂದ ಇದೇ ನಡೆದುಬಂದಿದೆ. ಆಮೇಲೆ ತಾರಾಪುರ, ಕಲ್ಪಾಕ್ಕಂ ಬಂದವು. ಕೆಲಸ ಹೀಗಿದೆ. ಇಂಧನದ ಕಡ್ಡಿಗಳನ್ನು ತುಂಡು ಮಾಡಿ ಬಿಸಿ ನೈಟ್ರಿಕ್ ಆಸಿಡ್‌ಗೆ ಹಾಕುತ್ತಾರೆ. ಇಂಧನ ಕರಗುತ್ತದೆ, ಮೇಲಿನ ಲೋಹದ ಸಿಪ್ಪೆ ಹಾಗೇ ಉಳಿಯುತ್ತದೆ. ಆ ದ್ರಾವಣಕ್ಕೆ ಟಿಬಿಪಿ ಅನ್ನುವ ಎಣ್ಣೆಯಂಥ ದ್ರವವನ್ನು ಸೇರಿಸಿ ಕಲಕುತ್ತಾರೆ. ಟಿಬಿಪಿ ಅಂದರೆ ಟ್ರೈಬ್ಯುಟೈಲ್ ಫಾಸ್ಫೇಟ್. ಅದನ್ನು ಸೀಮೆಎಣ್ಣೆ ಜಾತಿಯ ಡೋಡೆಕೇನ್‌ನಲ್ಲಿ ನೂರಕ್ಕೆ 30ರಂತೆ ಬೆರೆಸಿರುತ್ತಾರೆ. ಯುರೇನಿಯಂ, ಪ್ಲುಟೋನಿಯಂ ಎರಡೂ ಈ ಎಣ್ಣೆಗೆ ಹತ್ತಿಕೊಳ್ಳುತ್ತವೆ. ಸೀಸಿಯಂ ಮುಂತಾದವು ಆಸಿಡ್‌ನಲ್ಲೇ ಉಳಿಯುತ್ತವೆ. ಎಣ್ಣೆ ಹಗುರ, ಮೇಲೆ ತೇಲುತ್ತದೆ. ಎರಡನ್ನೂ ಬೇರೆ ಮಾಡಿದರೆ ಅರ್ಧ ಕೆಲಸ ಮುಗಿಯಿತು.

ಉಳಿದ ಅರ್ಧ ಪ್ಲುಟೋನಿಯಂನ ಒಂದು ಎಲೆಕ್ಟ್ರಾನಿನ ಮೇಲೆ ನಿಂತಿದೆ. ಪ್ಲುಟೋನಿಯಂ ನಾಲ್ಕನೇ ಸ್ಥಿತಿಯಲ್ಲಿದ್ದರೆ, ಅಂದರೆ ನಾಲ್ಕು ಎಲೆಕ್ಟ್ರಾನ್ ಕಳೆದುಕೊಂಡಿದ್ದರೆ, ಎಣ್ಣೆಗೆ ಹೋಗುತ್ತದೆ. ಒಂದು ಎಲೆಕ್ಟ್ರಾನ್ ಕೊಟ್ಟು ಮೂರನೇ ಸ್ಥಿತಿಗೆ ತಂದರೆ ಎಣ್ಣೆ ಬಿಟ್ಟು ಆಸಿಡ್‌ಗೆ ಇಳಿದುಬರುತ್ತದೆ. ಯುರೇನಿಯಂ ಮಾತ್ರ ಎಣ್ಣೆಯಲ್ಲೇ ಕೂತಿರುತ್ತದೆ. ಅದನ್ನು ಆಮೇಲೆ ತೆಳು ಆಸಿಡ್‌ನಲ್ಲಿ ತೊಳೆದು ತೆಗೆಯುತ್ತಾರೆ. ಇದೆಲ್ಲ ನಡೆಯುವುದು ಒಂದು ಮೀಟರಿಗೂ ದಪ್ಪದ ಕಾಂಕ್ರೀಟ್ ಗೋಡೆಗಳ ಒಳಗೆ, ಸ್ಟೀಲಿನ ಪೈಪು, ಟ್ಯಾಂಕುಗಳಲ್ಲಿ. ಒಮ್ಮೆ ಚಾಲೂ ಆದ ಮೇಲೆ ಆ ಕೋಣೆಗೆ ಯಾರೂ ಕಾಲಿಡುವುದಿಲ್ಲ.

ಹಾಗಾದರೆ ಗೊತ್ತಾಗುವುದು ಹೇಗೆ? ಮೊದಲಿನಿಂದ ಬಂದ ದಾರಿ ಸ್ಯಾಂಪಲ್ ತೆಗೆಯುವುದು. ಟ್ಯಾಂಕಿನಿಂದ ಸ್ವಲ್ಪ ದ್ರಾವಣವನ್ನು ಗಾಳಿಯ ಬಲದಿಂದ ಮೇಲೆತ್ತಿ ಸಣ್ಣ ಬಾಟಲಿಗೆ ತುಂಬುತ್ತಾರೆ. ಬಾಟಲಿ ಲ್ಯಾಬಿಗೆ ಹೋಗುತ್ತದೆ. ಅಲ್ಲಿಯೂ ಗೋಡೆ, ಗ್ಲೌಸ್ ಬಾಕ್ಸ್, ಯಂತ್ರದ ಕೈ. ಹತ್ತಾರು ಪಟ್ಟು ನೀರಾಗಿಸಿ, ಅಳೆದು, ಲೆಕ್ಕ ಹಾಕಿ ಉತ್ತರ ಬರುವ ಹೊತ್ತಿಗೆ ಗಂಟೆಗಳು ಕಳೆದಿರುತ್ತವೆ. ಕೆಲವು ಅಳತೆಗಳಿಗೆ ದಿನಗಳೇ ಬೇಕು. ಲ್ಯಾಬಿನ ಉತ್ತರ ಬಹಳ ನಿಖರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಬಾಟಲಿ ತುಂಬಿದ ಹೊತ್ತಿನ ಉತ್ತರ. ಟ್ಯಾಂಕಿನಲ್ಲಿ ಈಗ ಏನಿದೆ ಅನ್ನುವುದು ಬೇರೆ ಪ್ರಶ್ನೆ.

ಕಪನೂರಿನ ದಾಲ್ ಮಿಲ್ ನೋಡಿದವರಿಗೆ ಈ ವ್ಯತ್ಯಾಸ ಬೇಗ ತಿಳಿಯುತ್ತದೆ. ಚೀಲದಿಂದ ಒಂದು ಹಿಡಿ ಬೇಳೆ ತೆಗೆದು ಅಂಗೈಯಲ್ಲಿ ಹರಡಿ ನೋಡುವುದು ಒಂದು ಬಗೆ. ಸಾರ್ಟೆಕ್ಸ್ ಮಶೀನ್ ಮಾಡುವುದು ಇನ್ನೊಂದು ಬಗೆ. ಬೀಳುತ್ತಿರುವ ಒಂದೊಂದು ಬೇಳೆಯ ಬಣ್ಣವನ್ನೂ ಕ್ಯಾಮೆರಾ ನೋಡುತ್ತದೆ, ಕಪ್ಪು ಕಾಳು ಕಂಡರೆ ಆ ಕ್ಷಣವೇ ಗಾಳಿ ಊದಿ ಆಚೆ ತಳ್ಳುತ್ತದೆ. ಮರುಸಂಸ್ಕರಣೆಯಲ್ಲಿ ಬೇಕಾಗಿರುವುದು ಈ ಎರಡನೆಯದು.

ಅವಸರ ಯಾಕೆ ಅಂದರೆ, ಒಳಗಿನ ಕೆಮಿಸ್ಟ್ರಿ ನಮಗಾಗಿ ಕಾಯುವುದಿಲ್ಲ. ಮೂರನೇ ಸ್ಥಿತಿಗೆ ತಂದ ಪ್ಲುಟೋನಿಯಂ ನೈಟ್ರಿಕ್ ಆಸಿಡ್‌ನಲ್ಲಿ ಸುಮ್ನೆ ಕೂರುವುದಿಲ್ಲ. ಅಲ್ಲಿ ಹುಟ್ಟುವ ನೈಟ್ರಸ್ ಆಸಿಡ್ ಅದನ್ನು ಮತ್ತೆ ನಾಲ್ಕನೇ ಸ್ಥಿತಿಗೆ ತಳ್ಳುತ್ತದೆ. ತಳ್ಳುವಾಗ ಇನ್ನಷ್ಟು ನೈಟ್ರಸ್ ಆಸಿಡ್ ಹುಟ್ಟುತ್ತದೆ, ವೇಗ ಏರುತ್ತಾ ಹೋಗುತ್ತದೆ. ಅದನ್ನು ತಡೆಯಲು ಹೈಡ್ರಜೀನ್ ಹಾಕಿರುತ್ತಾರೆ. ಹೈಡ್ರಜೀನ್ ಖಾಲಿಯಾಗುತ್ತಾ ಬಂದರೆ? ಪ್ಲುಟೋನಿಯಂ ತಿರುಗಿ ಎಣ್ಣೆಗೆ ಹತ್ತಿ, ಯುರೇನಿಯಂ ಜೊತೆ ಹೊರಟುಬಿಡುತ್ತದೆ. ಸ್ಯಾಂಪಲ್ ಬಾಟಲಿಯೊಳಗೂ ಇದೇ ಬದಲಾವಣೆ ಆಗುತ್ತಿರಬಹುದು. ಅಂದರೆ ಲ್ಯಾಬ್ ತಲುಪುವ ಹೊತ್ತಿಗೆ ಬಾಟಲಿಯಲ್ಲಿರುವುದೂ ಟ್ಯಾಂಕಿನಲ್ಲಿದ್ದದ್ದೂ ಒಂದೇ ಅಂತ ಖಾತ್ರಿಯಿಲ್ಲ.

ಮೊದಲು ಎಲ್ಲಕ್ಕಿಂತ ಸರಳ ಸಾಧನ ನೋಡೋಣ. ನನಗೆ ಇದು ಬಹಳ ಇಷ್ಟ, ಯಾಕೆಂದರೆ ಇದರಲ್ಲಿ ಎಲೆಕ್ಟ್ರಾನಿಕ್ಸ್ ಒಂದು ಚೂರೂ ಕೋಣೆಯೊಳಗೆ ಹೋಗುವುದಿಲ್ಲ. ಟ್ಯಾಂಕಿನೊಳಗೆ ಎರಡು ಸಪೂರ ಕೊಳವೆ ಇಳಿಬಿಟ್ಟಿರುತ್ತಾರೆ. ಒಂದರ ಬಾಯಿ ತಳದ ಹತ್ತಿರ, ಇನ್ನೊಂದರದು ಅದಕ್ಕಿಂತ 25 ಸೆಂಟಿಮೀಟರ್ ಮೇಲೆ ಅಂದುಕೊಳ್ಳಿ. ಮೂರನೆಯದೊಂದು ದ್ರವದ ಮೇಲಿನ ಖಾಲಿ ಜಾಗದಲ್ಲಿ. ಹೊರಗಿನಿಂದ ಮೂರಕ್ಕೂ ಮೆಲ್ಲಗೆ ಗಾಳಿ ಬಿಡುತ್ತಾರೆ. ಕೆಳಗಿನ ಬಾಯಿಯಿಂದ ಗುಳ್ಳೆ ಹೊರಬರಬೇಕಾದರೆ ಗಾಳಿ ಅಷ್ಟು ಎತ್ತರದ ದ್ರವವನ್ನು ತಳ್ಳಬೇಕು. ಆ ಒತ್ತಡವನ್ನು ಗೋಡೆಯಾಚೆ ಕೂತು ಓದಿದರೆ ಮಟ್ಟ ಎಷ್ಟಿದೆ ಅಂತ ತಿಳಿಯುತ್ತದೆ. ಎರಡು ಕೊಳವೆಗಳ ಒತ್ತಡದ ವ್ಯತ್ಯಾಸ ನೋಡಿದರೆ ಸಾಂದ್ರತೆ ಸಿಗುತ್ತದೆ. ಬರೀ ನೀರಾದರೆ ಆ 25 ಸೆಂಟಿಮೀಟರಿಗೆ ಸುಮಾರು 2.45 ಕಿಲೋಪ್ಯಾಸ್ಕಲ್ ವ್ಯತ್ಯಾಸ. ಯುರೇನಿಯಂ ಕರಗಿ ದ್ರಾವಣ ನೀರಿಗಿಂತ 1.4 ಪಟ್ಟು ಭಾರವಾಗಿದ್ದರೆ ಅದೇ ವ್ಯತ್ಯಾಸ 3.43 ಆಗುತ್ತದೆ. ಎಷ್ಟು ಲೀಟರ್, ಲೀಟರಿಗೆ ಎಷ್ಟು ಭಾರ, ಎರಡೂ ಬರೀ ಗಾಳಿಯಿಂದ ಸಿಕ್ಕಿತು.

ಇದಕ್ಕೂ ಒಂದು ರೋಗವಿದೆ. ಒಣ ಗಾಳಿ ಸದಾ ಹಾಯುತ್ತಿದ್ದರೆ ಕೊಳವೆಯ ಬಾಯಲ್ಲಿ ದ್ರಾವಣ ಒಣಗಿ ಉಪ್ಪು ಕಟ್ಟುತ್ತದೆ. ಬಾಯಿ ಕಿರಿದಾದಂತೆ ಒತ್ತಡ ಏರುತ್ತದೆ. ಹೊರಗಿದ್ದವರಿಗೆ ಟ್ಯಾಂಕ್ ತುಂಬುತ್ತಿದೆ ಅನ್ನಿಸುತ್ತದೆ. ಟ್ಯಾಂಕಿಗೆ ಏನೂ ಹರಿದುಬರುತ್ತಿಲ್ಲ, ಆದರೂ ಮಟ್ಟ ಏರುತ್ತಿದೆ ಅಂದರೆ ಕೊಳವೆಯನ್ನು ಅನುಮಾನಿಸಬೇಕು. ಈ ಅನುಮಾನಕ್ಕೆ ಇನ್ನೊಂದು ಅಳತೆ ಜೊತೆಗಿರಲೇಬೇಕು.

ಒತ್ತಡ ಮತ್ತು ತೂಕ ಎಷ್ಟಿದೆ ಅಂತ ಹೇಳುತ್ತವೆ, ಏನಿದೆ ಅಂತ ಹೇಳುವುದಿಲ್ಲ. ಅದಕ್ಕೆ ಬೆಳಕು ಬೇಕು. ಬಿ.ಎಸ್ಸಿ. ಪ್ರಾಕ್ಟಿಕಲ್‌ನಲ್ಲಿ ಪರ್ಮಾಂಗನೇಟ್ ದ್ರಾವಣವನ್ನು ಕಲರಿಮೀಟರಿನಲ್ಲಿಟ್ಟು ಬೀರ್-ಲ್ಯಾಂಬರ್ಟ್ ನಿಯಮ ಪರೀಕ್ಷಿಸಿದವರಿಗೆ ಇದರ ತಿರುಳು ಗೊತ್ತು. ಬಣ್ಣ ಗಾಢವಾದಷ್ಟೂ ಬೆಳಕು ಜಾಸ್ತಿ ನುಂಗುತ್ತದೆ, ನುಂಗಿದ ಪ್ರಮಾಣದಿಂದ ಎಷ್ಟು ಕರಗಿದೆ ಅಂತ ಲೆಕ್ಕ ಸಿಗುತ್ತದೆ. ಇಲ್ಲಿ ನಮ್ಮ ಅದೃಷ್ಟಕ್ಕೆ ಯುರೇನಿಯಂ, ಪ್ಲುಟೋನಿಯಂ ಎರಡಕ್ಕೂ ಬಣ್ಣವಿದೆ. ಯುರೇನಿಯಂ ದ್ರಾವಣ ಹಳದಿ, 414 ನ್ಯಾನೊಮೀಟರ್ ಆಸುಪಾಸಿನ ನೇರಳೆ ಬೆಳಕನ್ನು ನುಂಗುತ್ತದೆ. ಇನ್ನೂ ಒಳ್ಳೆಯ ವಿಷಯ, ಪ್ಲುಟೋನಿಯಂ ತನ್ನ ಸ್ಥಿತಿಗೆ ತಕ್ಕಂತೆ ಬಣ್ಣ ಬದಲಿಸುತ್ತದೆ. ಮೂರನೇ ಸ್ಥಿತಿ ನೀಲಿ, ನುಂಗುವುದು 600ರ ಸುತ್ತ. ನಾಲ್ಕನೆಯದು ಕಂದು-ಹಸಿರು, 476ರಲ್ಲಿ ಶಿಖರ. ಆರನೆಯದಕ್ಕೆ 831ರಲ್ಲಿ ಸೂಜಿಯಂಥ ಒಂದು ಗೆರೆ. ಅಂದರೆ ಎಣ್ಣೆಗೆ ಹೋಗುವ ಪ್ಲುಟೋನಿಯಂ ಎಷ್ಟು, ಹೋಗದೇ ಇರುವುದು ಎಷ್ಟು ಅನ್ನುವುದು ಒಂದೇ ಸ್ಪೆಕ್ಟ್ರಮ್‌ನಲ್ಲಿ (ಯಾವ ಬಣ್ಣದ ಬೆಳಕು ಎಷ್ಟು ಅನ್ನುವ ನಕ್ಷೆಯಲ್ಲಿ), ಸೆಕೆಂಡುಗಳಲ್ಲಿ ಕಾಣುತ್ತದೆ. ಯಾರೂ ಬಾಟಲಿ ಹೊರಬೇಕಾಗಿಲ್ಲ.

ಬಣ್ಣವಿಲ್ಲದ ಆಸಿಡ್ ಅಳೆಯಲು ಸರ್ ಸಿ.ವಿ. ರಾಮನ್ ನೆರವಿಗೆ ಬರುತ್ತಾರೆ. 1928ರಲ್ಲಿ ಕೋಲ್ಕತ್ತಾದಲ್ಲಿ ಅವರು ಕಂಡದ್ದು ಇಷ್ಟು: ದ್ರವದ ಮೇಲೆ ಒಂದೇ ಬಣ್ಣದ ಬೆಳಕು ಬಿಟ್ಟರೆ, ಚದುರಿದ ಬೆಳಕಿನಲ್ಲಿ ಒಂದು ಚೂರು ಬೇರೆ ಬಣ್ಣದ್ದಾಗಿರುತ್ತದೆ, ಆ ಬದಲಾವಣೆ ಅಣುವಿನ ಕಂಪನವನ್ನು ಹೇಳುತ್ತದೆ. ಈ ಬದಲಾವಣೆಯನ್ನು ನ್ಯಾನೊಮೀಟರಿನಲ್ಲಿ ಅಲ್ಲ, ಒಂದು ಸೆಂಟಿಮೀಟರಿಗೆ ಎಷ್ಟು ಅಲೆ ಅನ್ನುವ ಲೆಕ್ಕದಲ್ಲಿ ಹೇಳುತ್ತಾರೆ: ನೈಟ್ರೇಟ್ ಅಯಾನಿನ ಗೆರೆ 1047ರ ಹತ್ತಿರ, ಯುರೇನಿಯಂ-ಆಮ್ಲಜನಕ ಜೋಡಿಯದು 870ರ ಹತ್ತಿರ. ಗೋಡೆಯಾಚೆ ಲೇಸರ್ ಇಟ್ಟು, ಫೈಬರ್ ಅನ್ನುವ ಗಾಜಿನ ಸಪೂರ ಎಳೆಯ ಮೂಲಕ ಒಳಗೆ ಬೆಳಕು ಕಳಿಸಿದರೆ, ವಾಪಸ್ ಬಂದ ಬೆಳಕಿನಲ್ಲಿ ಎರಡನ್ನೂ ಓದಬಹುದು. ಯುರೇನಿಯಂ ಎಷ್ಟು ಎಣ್ಣೆಗೆ ಹೋಗುತ್ತದೆ ಅನ್ನುವುದು ಆಸಿಡ್ ಎಷ್ಟಿದೆ ಅನ್ನುವುದರ ಮೇಲೆ ನಿಂತಿರುವುದರಿಂದ, ಈ ಅಳತೆ ಅಲಂಕಾರಕ್ಕಲ್ಲ.

ಫೈಬರೇನೂ ಅಮರವಲ್ಲ. ವಿಕಿರಣ ಬಿದ್ದರೆ ಗಾಜು ಕಪ್ಪಿಡುತ್ತದೆ, ನೀಲಿ-ನೇರಳೆ ಬೆಳಕಿಗೆ ಇದು ಜಾಸ್ತಿ. ಯುರೇನಿಯಂ ನೋಡಬೇಕಾದ ಜಾಗವೂ ಅದೇ. ಅದಕ್ಕೇ ಶುದ್ಧ ಸಿಲಿಕಾದ ಫೈಬರ್ ಬಳಸುತ್ತಾರೆ, ಪಕ್ಕದಲ್ಲಿ ಹೋಲಿಕೆಗೆ ಇನ್ನೊಂದು ಫೈಬರ್ ಇಡುತ್ತಾರೆ. ಫೈಬರ್ ಮಂಕಾದದ್ದೋ, ದ್ರಾವಣ ಗಾಢವಾದದ್ದೋ ಅಂತ ತಿಳಿಯಬೇಕಲ್ವಾ?

ನಿಜವಾದ ತಲೆನೋವು ಲೆಕ್ಕದಲ್ಲಿದೆ. ಪುಸ್ತಕದಲ್ಲಿ ಶಿಖರಗಳು ಬೇರೆಬೇರೆಯಾಗಿ, ಚೆಂದವಾಗಿ ನಿಂತಿರುತ್ತವೆ. ಟ್ಯಾಂಕಿನಲ್ಲಿ ಎಲ್ಲವೂ ಒಂದರ ಮೇಲೊಂದು. ಪ್ಲುಟೋನಿಯಂಗೆ ಎಲೆಕ್ಟ್ರಾನ್ ಕೊಡಲು ಹಾಕುವ ನಾಲ್ಕನೇ ಸ್ಥಿತಿಯ ಯುರೇನಿಯಂ ಹಸಿರಾಗಿರುತ್ತದೆ, ಅದೂ 650ರ ಸುತ್ತ ಬೆಳಕು ನುಂಗಿ ನಡುವೆ ತಲೆಹಾಕುತ್ತದೆ. ಆಸಿಡ್ ಹೆಚ್ಚಾದರೆ ಯುರೇನಿಯಂನ ಶಿಖರದ ಆಕಾರವೇ ಬದಲಾಗುತ್ತದೆ. ಬಿಸಿ ಏರಿದರೂ ಅಷ್ಟೇ. ಒಂದು ತರಂಗದೂರ ಹಿಡಿದು ಗೆರೆ ಎಳೆದರೆ ತಪ್ಪು ಉತ್ತರವೇ ಬರುತ್ತದೆ. ಆದ್ದರಿಂದ ಇಡೀ ಸ್ಪೆಕ್ಟ್ರಮ್ ತೆಗೆದುಕೊಂಡು ಕಂಪ್ಯೂಟರಿಗೆ ಕೊಡುತ್ತಾರೆ. ಅದಕ್ಕೂ ಮೊದಲು, ಪ್ರಮಾಣ ಗೊತ್ತಿರುವ ಹತ್ತಾರು ಮಿಶ್ರಣಗಳನ್ನು ಮಾಡಿ, ಅವುಗಳ ಸ್ಪೆಕ್ಟ್ರಮ್ ತೋರಿಸಿ ಅದಕ್ಕೆ ಕಲಿಸಿರುತ್ತಾರೆ. ಈ ವಿದ್ಯೆಗೆ ಕೆಮೊಮೆಟ್ರಿಕ್ಸ್ ಅನ್ನುತ್ತಾರೆ. ಅಮೆರಿಕದ ಪೆಸಿಫಿಕ್ ನಾರ್ತ್‌ವೆಸ್ಟ್ ರಾಷ್ಟ್ರೀಯ ಪ್ರಯೋಗಾಲಯ ಇದರಲ್ಲಿ ಬಹಳ ಕೆಲಸ ಮಾಡಿದೆ.

ಕಲಿಸಿದ್ದಕ್ಕಿಂತ ಆಚೆಯದು ಎದುರಾದರೆ ಈ ಲೆಕ್ಕ ಧೈರ್ಯವಾಗಿ ಸುಳ್ಳು ಹೇಳುತ್ತದೆ. ಅದಕ್ಕೇ ಒಳ್ಳೆಯ ವ್ಯವಸ್ಥೆ ಉತ್ತರದ ಜೊತೆ ಇನ್ನೊಂದನ್ನೂ ಹೇಳಬೇಕು: "ಇಂಥ ಸ್ಪೆಕ್ಟ್ರಮ್ ನಾನು ಮೊದಲು ನೋಡಿಲ್ಲ." ನನ್ನ ಮಟ್ಟಿಗೆ ಈ ಒಂದು ಮಾತು ಹೇಳಬಲ್ಲ ಯಂತ್ರ, ನಾಲ್ಕು ದಶಮಾಂಶ ತೋರಿಸುವ ಯಂತ್ರಕ್ಕಿಂತ ಮೇಲು.

ಬೆಳಕಿನ ಆಚೆ ಬೇರೆ ಸಾಕ್ಷಿಗಳೂ ಇವೆ. ಇಂಧನ ತುಂಡಾಗಿ ಕರಗುವಾಗ ಒಳಗೆ ಸಿಕ್ಕಿಕೊಂಡಿದ್ದ ಕ್ರಿಪ್ಟಾನ್-85 ಅನಿಲ ಹೊರಬರುತ್ತದೆ. ಅದು ಎಷ್ಟು ಬರುತ್ತಿದೆ ಅಂತ ಚಿಮಣಿಯ ದಾರಿಯಲ್ಲಿ ನೋಡಿದರೆ ಕರಗುವಿಕೆ ಎಲ್ಲಿಗೆ ಬಂತು ಅಂತ ತಿಳಿಯುತ್ತದೆ. ಪ್ಲುಟೋನಿಯಂ ನ್ಯೂಟ್ರಾನ್ ಬಿಡುತ್ತದೆ, ಎಣ್ಣೆ, ಆಸಿಡ್ ಕಲಕುವ ಕಾಲಂ ಪಕ್ಕದ ನ್ಯೂಟ್ರಾನ್ ಕೌಂಟರ್ ಅದನ್ನು ಎಣಿಸುತ್ತದೆ. ಗಾಮಾ ಕಿರಣಗಳ ನಕ್ಷೆಯೂ ಕೆಲಸಕ್ಕೆ ಬರುತ್ತದೆ. ಆಸಿಡ್ ಸ್ವಲ್ಪ ಹೆಚ್ಚುಕಮ್ಮಿಯಾದರೂ ಯಾವ ಚೂರು ಯಾವ ಕಡೆ ಹೋಗುತ್ತದೆ ಅನ್ನುವುದು ಬದಲಾಗಿ, ಗಾಮಾ ನಕ್ಷೆಯ ಆಕಾರ ವಾಲುತ್ತದೆ.

ಇಷ್ಟೆಲ್ಲ ಯಾಕೆ ಅಂದರೆ ಎರಡು ಭಯ. ಒಂದು, ಪ್ಲುಟೋನಿಯಂ ಬೇಡದ ಕಡೆ ಸೇರಿಕೊಳ್ಳುವುದು. 1970ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ವಿಂಡ್‌ಸ್ಕೇಲ್‌ನಲ್ಲಿ ಹೀಗಾಯಿತು. ಒಂದು ಟ್ಯಾಂಕಿನ ತಳದ ಪೈಪಿನ ರಚನೆ ಹೇಗಿತ್ತೆಂದರೆ, ಆಸಿಡ್ ಖಾಲಿಯಾದರೂ ಮೇಲೆ ತೇಲುವ ಎಣ್ಣೆ ಒಳಗೇ ಉಳಿಯುತ್ತಿತ್ತು. ಪ್ರತಿ ಸಲ ಹೊಸ ದ್ರಾವಣ ಹಾದಾಗಲೂ ಆ ಎಣ್ಣೆ ಇಷ್ಟಿಷ್ಟು ಪ್ಲುಟೋನಿಯಂ ಹೀರುತ್ತಾ ಬಂತು. ಕೊನೆಗೊಂದು ದಿನ ಚಿಕ್ಕದಾಗಿ ಸರಪಳಿ ಕ್ರಿಯೆಯೇ ಶುರುವಾಗಿ ನಿಂತಿತು. ಯಾರಿಗೂ ದೊಡ್ಡ ಹಾನಿ ಆಗಲಿಲ್ಲ. ಹೊರಹೋಗುವ ದ್ರಾವಣದ ಲೆಕ್ಕ ಇತ್ತು, ಒಳಗೆ ಉಳಿದ ಎಣ್ಣೆ ಮಾತ್ರ ಯಾರ ಲೆಕ್ಕದಲ್ಲೂ ಇರಲಿಲ್ಲ.

ಇನ್ನೊಂದು ಭಯ ಕಳವಿನದು. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ 8 ಕೆಜಿ ಪ್ಲುಟೋನಿಯಂ ಅನ್ನು ಎಚ್ಚರದ ಗೆರೆಯಾಗಿ ಇಟ್ಟುಕೊಂಡಿದೆ, ಅಷ್ಟಿದ್ದರೆ ಒಂದು ಬಾಂಬಿನ ಸಾಧ್ಯತೆ ತಳ್ಳಿಹಾಕುವಂತಿಲ್ಲ ಅಂತ. ಜಪಾನಿನ ರೊಕ್ಕಾಶೊ ಸ್ಥಾವರವನ್ನು ವರ್ಷಕ್ಕೆ 800 ಟನ್ ಇಂಧನಕ್ಕೆಂದು ಕಟ್ಟಿದ್ದಾರೆ. ಪೂರ್ತಿ ನಡೆದರೆ ಸುಮಾರು 8 ಟನ್ ಪ್ಲುಟೋನಿಯಂ. ಲೆಕ್ಕದಲ್ಲಿ ನೂರಕ್ಕೆ ಒಂದರಷ್ಟು ಹೆಚ್ಚುಕಮ್ಮಿ ಇದ್ದರೂ ವರ್ಷಕ್ಕೆ 80 ಕೆಜಿ. ವರ್ಷಕ್ಕೊಮ್ಮೆ ಎಲ್ಲ ತೊಳೆದು, ತೂಗಿ ನೋಡಿದರೆ ಈ ಸಂದೇಹ ತೀರುವುದಿಲ್ಲ. ನಡೆಯುತ್ತಿರುವಾಗಲೇ ಲೆಕ್ಕ ಹಾಕುತ್ತಾ ಹೋಗಬೇಕು.

ಆದರೆ ಸಾಧನ ಇದ್ದ ಮಾತ್ರಕ್ಕೆ ಕೆಲಸ ಆಯಿತು ಅಂತಲ್ಲ. ಇಂಗ್ಲೆಂಡಿನ ಸೆಲ್ಲಾಫೀಲ್ಡ್‌ನಲ್ಲಿದ್ದ ಥಾರ್ಪ್ ಮರುಸಂಸ್ಕರಣೆ ಸ್ಥಾವರದ ಕತೆ ಕೇಳಿ. 2005ರ ಏಪ್ರಿಲ್‌ನಲ್ಲಿ ಕ್ಯಾಮೆರಾ ಇಳಿಸಿ ನೋಡಿದಾಗ ಒಂದು ಕೋಣೆಯ ನೆಲದ ಮೇಲೆ 83,000 ಲೀಟರ್ ದ್ರಾವಣ ನಿಂತಿತ್ತು. ಅದರಲ್ಲಿ ಸುಮಾರು 20 ಟನ್ ಯುರೇನಿಯಂ, 160 ಕೆಜಿ ಪ್ಲುಟೋನಿಯಂ. ಪೈಪ್ ಒಡೆದು ಸೋರಿಕೆ ಶುರುವಾಗಿ ತಿಂಗಳುಗಳೇ ಆಗಿದ್ದವು. ಕೋಣೆಯಿಂದ ಹೊರಗೆ ಏನೂ ಬರಲಿಲ್ಲ, ಯಾರಿಗೂ ಏನೂ ಆಗಲಿಲ್ಲ. ಆದರೂ ಕಂಪನಿಗೆ 5 ಲಕ್ಷ ಪೌಂಡ್ ದಂಡ ಬಿತ್ತು. ಪೈಪ್ ಒಡೆದದ್ದಕ್ಕೆ ಕಾರಣ ಇನ್ನೂ ವಿಚಿತ್ರ. ಅದು ಲೆಕ್ಕದ ಟ್ಯಾಂಕಿಗೆ ಹೋಗುವ ಪೈಪ್. ತೂಕ ಸರಿಯಾಗಿ ಸಿಗಲಿ ಅಂತ ಟ್ಯಾಂಕನ್ನು ನೇತುಹಾಕಿದ್ದರು. ದ್ರಾವಣ ಕಲಕಿದಾಗಲೆಲ್ಲ ಟ್ಯಾಂಕ್ ಅಲ್ಲಾಡಿ, ಪೈಪಿನ ಲೋಹ ದಣಿದು ಬಿರಿಯಿತು. ಅಳೆಯುವ ಏರ್ಪಾಡೇ ಸೋರಿಕೆಗೆ ದಾರಿ ಮಾಡಿತು.

ಗೊತ್ತಾಗಲು ದಾರಿಯೇ ಇರಲಿಲ್ಲವಾ? ಇತ್ತು. ನೆಲದ ಗುಂಡಿಯ ಸ್ಯಾಂಪಲ್‌ನಲ್ಲಿ ಮೊದಲೇ ಯುರೇನಿಯಂ ಕಂಡಿತ್ತು, ಯಾರೂ ಅದರ ಬೆನ್ನು ಹತ್ತಲಿಲ್ಲ. ಹೊಸ ಸ್ಥಾವರ, ಸೋರುವುದಿಲ್ಲ ಅನ್ನುವ ನಂಬಿಕೆ ಅಲ್ಲಿ ಗಟ್ಟಿಯಾಗಿತ್ತು. ಕೊನೆಗೆ ಕೈಹಿಡಿದದ್ದು ಒಳಬಂದ ಮತ್ತು ಹೊರಹೋದ ವಸ್ತುವಿನ ಲೆಕ್ಕ. ಎರಡೂ ತಾಳೆಯಾಗಲಿಲ್ಲ. ಹಾಗಾಗಿ ನನಗೆ ಅನ್ನಿಸುವುದು, ಸಾಧನ ಎಷ್ಟು ಬೇಗ ಉತ್ತರ ಕೊಡುತ್ತದೆ ಅನ್ನುವುದಕ್ಕಿಂತ ಒಂದರ ಮಾತನ್ನು ಇನ್ನೊಂದು ಒರೆಗೆ ಹಚ್ಚುತ್ತದಾ ಅನ್ನುವುದು ದೊಡ್ಡ ಪ್ರಶ್ನೆ. ಗಾಳಿಯ ಕೊಳವೆ ಹೇಳುವ ಸಾಂದ್ರತೆ, ಬೆಳಕು ಹೇಳುವ ಯುರೇನಿಯಂ, ರಾಮನ್ ಹೇಳುವ ಆಸಿಡ್. ಈ ಮೂರರಲ್ಲಿ ಯಾವ ಎರಡು ಗೊತ್ತಿದ್ದರೂ ಮೂರನೆಯದನ್ನು ಹೆಚ್ಚುಕಮ್ಮಿ ಲೆಕ್ಕ ಹಾಕಬಹುದು. ತಾಳೆಯಾಗದಿದ್ದರೆ ಯಾವುದೋ ಒಂದು ಸುಳ್ಳು ಹೇಳುತ್ತಿದೆ, ಇಲ್ಲವೇ ಟ್ಯಾಂಕಿನಲ್ಲಿ ನಮಗೆ ಗೊತ್ತಿಲ್ಲದ್ದೇನೋ ಇದೆ. ಎರಡಕ್ಕೂ ಕೂಡಲೇ ಎದ್ದು ನೋಡಬೇಕು.

ಹಾಗಂತ ಲ್ಯಾಬನ್ನು ಮುಚ್ಚುವ ಮಾತೇನಿಲ್ಲ. ಖಾತೆಗೆ ಬರೆಯುವ ಅಂಕಿ ಲ್ಯಾಬಿನದೇ. ಕವಾಟ ತಿರುಗಿಸುವುದಕ್ಕೆ, ಹರಿವು ನಿಲ್ಲಿಸುವುದಕ್ಕೆ ಕ್ಷಣದ ಅಳತೆ ಬೇಕು. ಸೆಂಟ್ರಿಫ್ಯೂಗಲ್ ಕಾಂಟ್ಯಾಕ್ಟರ್ ಅನ್ನುವ ಯಂತ್ರಗಳಲ್ಲಿ ಎಣ್ಣೆಯೂ ಆಸಿಡ್ಡೂ ಜೊತೆಗಿರುವುದೇ ಕೆಲವು ಸೆಕೆಂಡ್. ಅಲ್ಲಿ ಮಧ್ಯಾಹ್ನ ಬರುವ ಲ್ಯಾಬ್ ರಿಪೋರ್ಟ್ ಹಿಡಿದು ಬೆಳಗಿನದನ್ನು ಸರಿಪಡಿಸಲಾಗದು. ವೇಗದ ನ್ಯೂಟ್ರಾನ್ ಬಳಸುವ ರಿಯಾಕ್ಟರುಗಳ ಇಂಧನಕ್ಕೆಂದು ಕಲ್ಪಾಕ್ಕಂನಲ್ಲಿ ಕಟ್ಟಿದ ಪ್ರಾತ್ಯಕ್ಷಿಕೆ ಸ್ಥಾವರ 2024ರ ಜನವರಿ 2ರಂದು ದೇಶಕ್ಕೆ ಅರ್ಪಣೆಯಾಯಿತು. ಅಂಥ ಇಂಧನದಲ್ಲಿ ಪ್ಲುಟೋನಿಯಂ ಪಾಲು ಬಹಳ ಜಾಸ್ತಿ, ಕ್ಷಣದ ಅಳತೆಯ ಬೆಲೆಯೂ ಅಷ್ಟೇ ಜಾಸ್ತಿ.

ನಮ್ಮ ಹುಡುಗರು, ಹುಡುಗಿಯರು "ಇದನ್ನೆಲ್ಲ ಕಲಿತು ನಾವೇನು ಮಾಡೋದು ಸರ್, ಕಲ್ಪಾಕ್ಕಂ ಎಲ್ಲಿ, ನಾವೆಲ್ಲಿ" ಅನ್ನುತ್ತಾರೆ. ಎಂ.ಎಸ್ಸಿ. ಮುಗಿಸಿದವರಿಗೆ ಭಾಭಾ ಅಣು ಸಂಶೋಧನಾ ಕೇಂದ್ರದ ತರಬೇತಿ ಶಾಲೆಯ ದಾರಿ ಇದೆ, ಕಷ್ಟದ ಪರೀಕ್ಷೆ ಪಾಸಾಗಬೇಕು. ಆದರೆ ಅಷ್ಟು ದೂರವೇ ಹೋಗಬೇಕಿಲ್ಲ. ಸಿಮೆಂಟ್ ಉದ್ಯಮದಲ್ಲಿ ಬೆಲ್ಟ್ ಮೇಲೆ ಹೋಗುವ ಸುಣ್ಣದಕಲ್ಲಿಗೆ ನ್ಯೂಟ್ರಾನ್ ಹಾಯಿಸಿ, ಹೊರಬರುವ ಗಾಮಾ ಓದಿ, ಕ್ಯಾಲ್ಸಿಯಂ ಎಷ್ಟು, ಸಿಲಿಕಾನ್ ಎಷ್ಟು ಅಂತ ನಿಮಿಷ ನಿಮಿಷಕ್ಕೂ ಹೇಳುವ ಯಂತ್ರಗಳು ಬಳಕೆಯಲ್ಲಿವೆ. ವಾಡಿ, ಸೇಡಂ, ಮಳಖೇಡದ ನೆಲವೇ ಸುಣ್ಣದಕಲ್ಲು. ಔಷಧ ಉದ್ಯಮದಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2004ರಲ್ಲೇ ಇಂಥ ಕ್ಷಣದ ಅಳತೆಗೆ ಮಾರ್ಗಸೂಚಿ ಕೊಟ್ಟಿದೆ, ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ಔಷಧ ಕಾರ್ಖಾನೆಗಳಿವೆ. ಔಷಧ ತಯಾರಿಸುವ ಪಾತ್ರೆಯೊಳಗೆ ರಾಮನ್ ಪ್ರೋಬ್ ಇಳಿಸಿ ಕ್ರಿಯೆ ಮುಗಿಯಿತಾ ಅಂತ ನೋಡುವುದಕ್ಕೂ, ಟ್ಯಾಂಕಿನಲ್ಲಿ ಯುರೇನಿಯಂ ನೋಡುವುದಕ್ಕೂ ಲೆಕ್ಕದ ವಿದ್ಯೆ ಒಂದೇ. ಕೆಮೊಮೆಟ್ರಿಕ್ಸ್ ಕಲಿಯಲು ಒಂದು ಲ್ಯಾಪ್‌ಟಾಪ್ ಸಾಕು, ಬೇಕಾದ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಶುರು ಮಾಡುವುದಕ್ಕೆ ನಮ್ಮ ಲ್ಯಾಬಿನ ಪರ್ಮಾಂಗನೇಟ್ ಮತ್ತು ಡೈಕ್ರೋಮೇಟ್ ಬೆರೆಸಿ, ಎರಡರ ಪ್ರಮಾಣವನ್ನೂ ಒಂದೇ ಸ್ಪೆಕ್ಟ್ರಮ್‌ನಿಂದ ತೆಗೆದು ನೋಡಿ.